ಗುಮಟೆ ಬಾರಿಸಿದಾಗ ಹತ್ತಬೇಕಾದ ಲೈಟು ಮಳೆಗೂ ಹತ್ತುತ್ತಿದೆ, ಏನು ಮಾಡಲಿ?

ಅಂಕೋಲೆ_ದೋಣಿ

ಎಲ್ಲರಿಗೂ ನಮಸ್ಕಾರ. ಚೌತಿಗೆ ಇನ್ನು ಹದಿನೆಂಟು ದಿನ ಇದೆ. ನಮ್ಮೂರ ಗಣಪತಿ ಮಂಟಪದ ಹಿಂದಿನ ಪರದೆಗೆ ಎಲ್‌ಇಡಿ ಪಟ್ಟಿ ಕೂರಿಸುವ ಕೆಲಸ ನಾನು ಹಿಡಿದಿದ್ದೇನೆ. ಸುಮ್ನೆ ಮಿಣಿಮಿಣಿ ಅನ್ನುವುದಲ್ಲ, ವಾದ್ಯದ ಸದ್ದಿಗೆ ತಕ್ಕಂತೆ ಬೆಳಗಬೇಕು ಅಂತ ಆಸೆ. ಗುಮಟೆ ಅಂದರೆ ನಮ್ಮ ಕಡೆಯ ಮಣ್ಣಿನ ಚರ್ಮವಾದ್ಯ, ಅದರ ಪೆಟ್ಟು ಬಿದ್ದರೆ ನಡುವಿನಿಂದ ಎರಡೂ ಕಡೆ ಬಣ್ಣ ಹರಡಬೇಕು.

ಸಾಮಾನು ಇಷ್ಟು: ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯೂಎಸ್2812ಬಿ ಪಟ್ಟಿ 5 ಮೀಟರ್, ಅದರಲ್ಲಿ 300 ದೀಪ, ಮತ್ತೆ ತಿರುಗಿಸುವ ಸಣ್ಣ ಸ್ಕ್ರೂ ಇರುವ ಅನಲಾಗ್ ಮೈಕ್. ಕೋಡ್ ಬಹಳ ಸರಳ. ಮೈಕ್ ಓದಿದ ಅಂಕಿ 2200 ದಾಟಿದರೆ ಎಫೆಕ್ಟ್ ಶುರು.

ಮನೆಯಲ್ಲಿ ಮೊಬೈಲ್ ಹಾಡು ಹಾಕಿ ನೋಡಿದಾಗ ಚೆನ್ನಾಗಿತ್ತು. ಭಾನುವಾರ ಮಂಟಪದಲ್ಲಿ ಕಟ್ಟಿ ನೋಡಿದೆ. ಗುಮಟೆ ಹುಡುಗರು ಬಂದಿದ್ದರು. ಮೊದಲ ಹತ್ತು ನಿಮಿಷ ಎಲ್ಲರೂ ಬಾಯಿ ಬಿಟ್ಟು ನೋಡಿದರು. ಆಮೇಲೆ ಮಳೆ ಬಂತು. ನಮ್ಮ ಚಪ್ಪರ ತಗಡಿನದು. ತಗಡಿನ ಮೇಲೆ ಮಳೆ ಬಿದ್ದ ಕೂಡಲೇ ಮುನ್ನೂರೂ ದೀಪ ಹತ್ತಿದವು, ಮತ್ತೆ ಆರಲೇ ಇಲ್ಲ. ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ. ಕರೆಂಟ್ ಹೋಯಿತು, ಜನರೇಟರ್ ಹಾಕಿದರು, ಅದರ ಗುಡುಗುಡಿಗೂ ಅದೇ ಕಥೆ. ಕೊನೆಗೆ ಯಕ್ಷಗಾನದ ಭಾಗವತರು ಒಂದು ಪದ್ಯ ಹೇಳಿ ನೋಡಿದರು. ಅದಕ್ಕೆ ಒಂದು ದೀಪವೂ ಅಲ್ಲಾಡಲಿಲ್ಲ.

2200 ಅನ್ನು 2600 ಮಾಡಿದೆ. ಮಳೆಗೆ ಸರಿಯಾಯಿತು, ಗುಮಟೆಗೆ ಹತ್ತುವುದು ನಿಂತಿತು. ಎಷ್ಟಿಡಬೇಕು ಹೇಳಿ.

---

ಸಿರಸಿ_ತೋಟದವ

ಎಷ್ಟಿಟ್ಟರೂ ಆಗುವುದಿಲ್ಲ. ನಾನು ಸಿದ್ಧ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ, ಡಬ್ಲ್ಯೂಎಲ್‌ಇಡಿ. ಅದರಲ್ಲಿ ಸದ್ದಿಗೆ ಕುಣಿಯುವ ಎಫೆಕ್ಟ್‌ಗಳು ಮೊದಲೇ ಇವೆ. ಎಜಿಸಿ (ಆಟೋ ಗೇನ್) ಆನ್ ಮಾಡಿ, ಅದೇ ಸದ್ದು ಹೊಂದಿಸಿಕೊಳ್ಳುತ್ತದೆ. ಕೋಡ್ ಬರೆಯುವ ತಾಪತ್ರಯ ಯಾಕೆ?

---

ಕಾಳಿ_ದಡ

ಕಾರವಾರದಿಂದ ಬರೆಯುತ್ತಿದ್ದೇನೆ. ರೇಡಿಯೋ, ಆಂಪ್ಲಿಫೈಯರ್ ರಿಪೇರಿ ನನ್ನ ಹೊಟ್ಟೆಪಾಡು, ಮೂವತ್ತು ವರ್ಷ ಆಯಿತು.

ದೋಣಿಯವರೇ, ನಿಮ್ಮ 2200ರಲ್ಲಿ ಎರಡು ತಪ್ಪು ಒಟ್ಟಿಗೆ ಕೂತಿವೆ. ಇಎಸ್‌ಪಿ32 ಓದುವುದು 0ಯಿಂದ 4095ರವರೆಗೆ. ನಿಮ್ಮ ಮೈಕ್ ಮೌನದಲ್ಲೂ ನಡುಮಧ್ಯ, ಅಂದರೆ ಸುಮಾರು 2048ರ ಹತ್ತಿರ ನಿಂತಿರುತ್ತದೆ. ಸದ್ದು ಬಂದಾಗ ಅಲ್ಲಿಂದ ಮೇಲೂ ಹೋಗುತ್ತದೆ, ಕೆಳಗೂ ಹೋಗುತ್ತದೆ. ನೀವು ಮೇಲಿನ ಅರ್ಧ ಮಾತ್ರ ನೋಡುತ್ತಿದ್ದೀರಿ. ಅದೂ ಒಂದು ಕ್ಷಣದ ಒಂದೇ ಅಂಕಿ. ಒಂದು ತೆರೆ ನೋಡಿ ಭರತವೋ ಇಳಿತವೋ ಅಂತ ಹೇಳಲು ಹೊರಟ ಹಾಗಾಯಿತು.

512 ಅಂಕಿ ಒಟ್ಟಿಗೆ ತೆಗೆದುಕೊಳ್ಳಿ. ಅವುಗಳ ಸರಾಸರಿಯನ್ನು ಪ್ರತಿಯೊಂದರಿಂದ ಕಳೆಯಿರಿ. ಉಳಿದದ್ದನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಿ. ಅದು ಆರ್‌ಎಂಎಸ್, ಅಂದರೆ ಆ ಹೊತ್ತಿನ ಸದ್ದಿನ ಮಟ್ಟ. ಸೆಕೆಂಡಿಗೆ 22,050 ಸಲ ಓದಿದರೆ 512 ಅಂಕಿಗೆ 23 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 43 ಸಲ ನಿಮಗೆ ಒಂದು ನಂಬಬಹುದಾದ ಲೆಕ್ಕ ಸಿಗುತ್ತದೆ.

ಮೈಕೂ ಬದಲಾಯಿಸಿ. ಇಎಸ್‌ಪಿ32ರ ಅನಲಾಗ್ ಕಾಲು ಅಷ್ಟು ನೇರ ಮನುಷ್ಯ ಅಲ್ಲ, ಎರಡೂ ತುದಿಯಲ್ಲಿ ಸುಳ್ಳು ಹೇಳುತ್ತದೆ. ಜನರೇಟರಿನ ಗಲಾಟೆಯೂ ತಂತಿಯಲ್ಲಿ ಸೇರುತ್ತದೆ. ಐಎನ್‌ಎಂಪಿ441 ಅಂತ ಡಿಜಿಟಲ್ ಮೈಕ್ ಬರುತ್ತದೆ, 24 ಬಿಟ್, 120 ಡೆಸಿಬಲ್ ತನಕ ತಡೆಯುತ್ತದೆ. ಎಡವೋ ಬಲವೋ ಅಂತ ಆರಿಸುವ ಅದರ ಎಲ್‌ಆರ್ ಕಾಲನ್ನು ಗ್ರೌಂಡಿಗೆ ಕಟ್ಟುವುದು ಮರೆಯಬೇಡಿ. ಅದನ್ನು ಗಾಳಿಗೆ ಬಿಟ್ಟು, ಮೈಕ್ ಸತ್ತಿದೆ ಅಂತ ನನ್ನ ಅಂಗಡಿಗೆ ತಂದವರು ಇಬ್ಬರು ಮೂವರು ಇದ್ದಾರೆ.

ತೋಟದವರ ಸಲಹೆಗೆ ನನ್ನ ತಕರಾರು ಇದೆ. ಎಜಿಸಿ ಅಂದರೆ ಸಣ್ಣ ಸದ್ದನ್ನು ದೊಡ್ಡದು ಮಾಡಿ, ದೊಡ್ಡದನ್ನು ಸಣ್ಣದು ಮಾಡಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಮಾತು ರೆಕಾರ್ಡ್ ಮಾಡಲು ಅದು ಒಳ್ಳೆಯದು. ಇಲ್ಲಿ ನಮಗೆ ಬೇಕಾದದ್ದೇ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಇರುವ ಅಂತರ. ಅದನ್ನೇ ಅಳಿಸಿ ಹಾಕಿದರೆ ಲೈಟು ಯಾವುದಕ್ಕೆ ಹತ್ತಬೇಕು? ವಾದ್ಯ ನಿಂತ ಹತ್ತು ಸೆಕೆಂಡಿಗೆ ನಿಮ್ಮ ಮೈಕ್ ಜೀರುಂಡೆಯನ್ನೇ ಚಂಡೆ ಮಾಡಿ ತೋರಿಸುತ್ತದೆ.

---

ಸಿರಸಿ_ತೋಟದವ

ಅಯ್ಯೋ, ಅದಕ್ಕೇ ನಮ್ಮ ಮನೆಯಲ್ಲಿ ರಾತ್ರಿ ಟಿವಿ ಆಫ್ ಮಾಡಿದ ಮೇಲೂ ಪಟ್ಟಿ ಕುಣಿಯುವುದು! ನಾನು ದೆವ್ವ ಅಂದುಕೊಂಡಿದ್ದೆ. ಅದರಲ್ಲಿ ಸ್ಕ್ವೆಲ್ಚ್ ಅಂತ ಒಂದು ಗುಂಡಿ ಇದೆ, ಅದು ಇದಕ್ಕೇ ಇರಬೇಕು ಅಲ್ವಾ?

---

ಕಾಳಿ_ದಡ

ಅದೇ. ಅದಕ್ಕಿಂತ ಕಡಿಮೆ ಸದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಅನ್ನುವ ಗಡಿ. ಏರಿಸಿ ನೋಡಿ, ಜೀರುಂಡೆ ಸುಮ್ಮನಾಗುತ್ತದೆ.

---

ಅಕ್ಕೋರು_ಕುಮಟಾ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಕೋಡ್ ಮುಟ್ಟುವ ಮೊದಲು ಒಂದು ಪ್ರಶ್ನೆ. ಮೈಕ್ ಎಲ್ಲಿ ಕಟ್ಟಿದ್ದೀರಿ?

---

ಅಂಕೋಲೆ_ದೋಣಿ

ಚಪ್ಪರದ ಕಂಬಕ್ಕೆ, ಮೇಲೆ. ಮಕ್ಕಳ ಕೈಗೆ ಸಿಗಬಾರದು ಅಂತ. ವಾದ್ಯದವರು ಕೂರುವಲ್ಲಿಂದ ಹನ್ನೆರಡು ಮೀಟರ್ ಇರಬಹುದು.

---

ಅಕ್ಕೋರು_ಕುಮಟಾ

ಅಂದುಕೊಂಡೆ. ತಗಡಿನ ಕೆಳಗೇ ಮೈಕ್ ಕಟ್ಟಿ, ಮಳೆ ಕೇಳಿಸುತ್ತದೆ ಅಂತ ದೂರುತ್ತಿದ್ದೀರಿ!

ಬಯಲಿನಲ್ಲಿ ದೂರ ಅರ್ಧ ಆದಾಗೆಲ್ಲ ಸದ್ದು 6 ಡೆಸಿಬಲ್ ಏರುತ್ತದೆ. 12 ಮೀಟರಿನಿಂದ 6, ಆರರಿಂದ 3, ಮೂರರಿಂದ ಒಂದೂವರೆ. ಮೂರು ಸಲ ಅರ್ಧ ಆಯಿತು, 18 ಡೆಸಿಬಲ್. ಚಪ್ಪರದೊಳಗೆ ಸದ್ದು ಗೋಡೆಗೆ, ತಗಡಿಗೆ ಬಡಿದು ತಿರುಗಿ ಬರುವುದರಿಂದ ಪೂರ್ತಿ ಅಷ್ಟು ಸಿಗಲಿಕ್ಕಿಲ್ಲ. ಆದರೂ ಗುಮಟೆ ಜಾಸ್ತಿ ಆಗುತ್ತದೆ, ಮಳೆ ಇದ್ದಷ್ಟೇ ಇರುತ್ತದೆ, ಅದು ಎಲ್ಲಾ ಕಡೆಯಿಂದಲೂ ಬರುವ ಸದ್ದಲ್ವಾ. ಒಂದು ಸಾಲು ಕೋಡ್ ಬರೆಯದೆ ಸಿಗುವ ಲಾಭ ಇದು.

ಇನ್ನೊಂದು ಲಾಭವೂ ಇದೆ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. 12 ಮೀಟರಿಗೆ 35. ಅದರ ಮೇಲೆ ದಡದವರು ಹೇಳಿದ 23. ನಿಮ್ಮ ಪಟ್ಟಿಗೆ ಬಣ್ಣ ಕಳಿಸಲು ಒಂದೊಂದು ದೀಪಕ್ಕೆ 30 ಮೈಕ್ರೋಸೆಕೆಂಡ್, ಮುನ್ನೂರಕ್ಕೆ 9 ಮಿಲಿಸೆಕೆಂಡ್. ಒಟ್ಟು 67. ಪೆಟ್ಟು ಮೊದಲು, ಬೆಳಕು ಆಮೇಲೆ.

ಜಾತ್ರೆಯಲ್ಲಿ ಗರ್ನಾಲು ಹಾರಿಸುವುದು ನೋಡಿದ್ದೀರಿ. ಬೆಳಕು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅದು ನಮಗೆ ಅಭ್ಯಾಸ. ಸದ್ದು ಮೊದಲು ಬಂದು ಬೆಳಕು ಹಿಂದೆ ಬಿದ್ದರೆ ಕಣ್ಣಿಗೆ ಬೇಗ ಚುಚ್ಚುತ್ತದೆ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಮಾಡಿದ ಬಿಟಿ.1359 ಅನ್ನುವ ಶಿಫಾರಸಿನಲ್ಲಿ ಇದರ ಲೆಕ್ಕ ಇದೆ. ಸದ್ದು ಚಿತ್ರಕ್ಕಿಂತ ಹಿಂದೆ ಬಿದ್ದರೆ 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ, ಮುಂದೆ ಹೋದರೆ 45ಕ್ಕೇ ಗೊತ್ತಾಗುತ್ತದೆ. ಮೈಕ್ ಒಂದೂವರೆ ಮೀಟರಿಗೆ ತಂದರೆ ನಿಮ್ಮ 67 ಇಳಿದು 37 ಆಗುತ್ತದೆ. ಗಡಿಯ ಒಳಗೆ ಬಂತು.

---

ರಾತ್ರಿ_ಆಟ

ಹೊನ್ನಾವರದ ಕಡೆಯವನು ನಾನು. ಭಾಗವತರು ಪದ್ಯ ಹೇಳಿದರು ಅಂತ ಓದಿ ಎದೆ ಧಸಕ್ ಅಂತು. ಯಕ್ಷಗಾನದ ಆಟಕ್ಕೂ ಇದನ್ನು ಹಾಕುತ್ತೀರಾ?

---

ಅಂಕೋಲೆ_ದೋಣಿ

ಮೂರನೇ ದಿನ ಊರವರದೇ ಆಟ ಇದೆ. ಚಂಡೆಗೆ ಹೊಂದಿಸಿದರೆ ಚೆನ್ನಾಗಿರುತ್ತದೆ ಅಂತ ಹುಡುಗರ ಒತ್ತಾಯ.

---

ರಾತ್ರಿ_ಆಟ

ಬೇಡ ಮಾರಾಯ್ರೇ. ಸಿಟ್ಟು ಮಾಡಿಕೊಳ್ಳಬೇಡಿ, ಬಿಡಿಸಿ ಹೇಳುತ್ತೇನೆ.

ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಚಂಡೆ ಇಡೀ ರಾತ್ರಿ ಬಾರಿಸುವ ವಾದ್ಯ ಅಲ್ಲ. ಪದ್ಯದ ಜೊತೆ ಮದ್ದಲೆ ಇರುತ್ತದೆ. ವೀರ, ರೌದ್ರ, ಒಂದು ದೊಡ್ಡ ವೇಷದ ಪ್ರವೇಶ, ಯುದ್ಧ, ಆಗ ಚಂಡೆ ಎದ್ದು ಬರುತ್ತದೆ. ಅಷ್ಟು ಹೊತ್ತು ಮದ್ದಲೆಗೆ ಹೊಂದಿಕೊಂಡಿದ್ದ ಕಿವಿಗೆ ಮೊದಲ ಪೆಟ್ಟು ಬಿದ್ದಾಗ ನಿದ್ದೆ ಮಾಡುತ್ತಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಚಂಡೆ ಬಂತು ಅಂದರೇ ನಿಮ್ಮ ಭಾಷೆಯ ಎಫೆಕ್ಟ್ ಬಂತು. ಅದರ ಮೇಲೆ ಇನ್ನೊಂದು ಎಫೆಕ್ಟ್ ಯಾಕೆ?

ಬಣ್ಣದ ಮಾತೂ ಇದೆ. ವೇಷದ ಮುಖದ ಕೆಂಪು ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಕಣ್ಣಿನ ಸುತ್ತ ಅರ್ಧ ಗಂಟೆ ಕೂತು ಎಳೆದ ಗೆರೆ ಎಲ್ಲಾ ಮಸಿ. ಕಿರೀಟದ ಬೇಗಡೆ, ಕನ್ನಡಿ ಚೂರು ಹಿಂದೆಲ್ಲಾ ಪಂಜಿನ ಬೆಳಕಿಗೆ, ಆಮೇಲೆ ಗ್ಯಾಸ್‌ಲೈಟಿಗೆ ಹೊಳೆಯುತ್ತಿದ್ದವು. ವೇಷ ತಿರುಗಿದರೆ ಹೊಳಪೂ ತಿರುಗುತ್ತಿತ್ತು. ಕುಣಿತಕ್ಕೆ ತಕ್ಕ ಬೆಳಕು ಅಲ್ಲೇ ಇತ್ತು, ಮೈಕ್ ಇಲ್ಲದೆ.

ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಟ ಆಡುತ್ತಿದೆ. ಅವರ ಆಟ ಒಮ್ಮೆ ಹತ್ತಿರದಿಂದ ನೋಡಿ, ಆಮೇಲೆ ನಿಮ್ಮ ಹುಡುಗರನ್ನು ಕೇಳಿ.

---

ಸಿರಸಿ_ತೋಟದವ

ಇದು ಸ್ವಲ್ಪ ಜಾಸ್ತಿ ಆಯಿತು. ಪಂಜು ಹೋಗಿ ಗ್ಯಾಸ್‌ಲೈಟ್ ಬಂದಾಗಲೂ ಯಾರೋ ಹೀಗೇ ಅಂದಿರುತ್ತಾರೆ. ಟ್ಯೂಬ್‌ಲೈಟ್ ಬಂದಾಗಲೂ. ಹುಡುಗರು ಆಟಕ್ಕೆ ಬರುವುದೇ ಕಡಿಮೆ ಆಗಿದೆ, ಲೈಟು ನೋಡಲಿಕ್ಕಾದರೂ ಬರಲಿ.

---

ರಾತ್ರಿ_ಆಟ

ಲೈಟು ನೋಡಲು ಬಂದವರು ಲೈಟು ನೋಡಿ ಹೋಗುತ್ತಾರೆ.

---

ಅಂಕೋಲೆ_ದೋಣಿ

ಜಗಳ ಬೇಡ. ಆಟದ ದಿನ ಪಟ್ಟಿಯನ್ನು ಒಂದೇ ಹಳದಿ ಬಣ್ಣದಲ್ಲಿ ನಿಲ್ಲಿಸುತ್ತೇನೆ. ಕುಣಿಯುವ ಬೆಳಕು ಗುಮಟೆಯ ದಿನ ಮಾತ್ರ. ಹುಡುಗರಿಗೆ ನಾನೇ ಹೇಳುತ್ತೇನೆ. ನನಗೂ ರಿಹರ್ಸಲ್ ದಿನ ಚಂಡೆಗೆ ಪರದೆ ಫಳಫಳ ಅಂದಾಗ ಮುಖ ನೋಡಬೇಕೋ ಪರದೆ ನೋಡಬೇಕೋ ಗೊತ್ತಾಗಲಿಲ್ಲ.

ಹೊಸ ಮೈಕ್ ಬಂದಿದೆ. ಆರ್‌ಎಂಎಸ್ ಹಾಕಿದೆ. ಮೈಕನ್ನು ಜಗಲಿಯ ಅಂಚಿಗೆ, ಗುಮಟೆಯವರ ಮುಂದೆ ತಂದೆ. ಅಕ್ಕೋರು ಹೇಳಿದ್ದು ಸರಿ, ಅರ್ಧ ಕಾಯಿಲೆ ಅಲ್ಲೇ ಹೋಯಿತು. ಆದರೆ ಜೋರು ಮಳೆಗೆ ಇನ್ನೂ ಹತ್ತುತ್ತದೆ. ಇನ್ನೊಂದು ಹೊಸ ರಗಳೆ: ಸದ್ದು ಗಡಿಯ ಹತ್ತಿರ ಇದ್ದಾಗ ಪಟ್ಟಿ ಹತ್ತಿ ಆರಿ ಹತ್ತಿ ಆರಿ, ಕೆಟ್ಟ ಟ್ಯೂಬ್‌ಲೈಟ್ ತರಹ ಆಗುತ್ತದೆ.

---

ಕಾಳಿ_ದಡ

ಕೆಟ್ಟ ಟ್ಯೂಬಿಗೆ ಮದ್ದು ಸುಲಭ. ಹತ್ತಲು ಒಂದು ಗಡಿ ಇಡಿ, ಆರಲು ಅದಕ್ಕಿಂತ ಕೆಳಗೆ ಇನ್ನೊಂದು. 6 ಡೆಸಿಬಲ್ ಮೇಲೆ ಬಂದರೆ ಹತ್ತಲಿ, 3ಕ್ಕೆ ಇಳಿದರೆ ಆರಲಿ. ಅಂಕಿಯಲ್ಲಿ ಹೇಳುವುದಾದರೆ ಎರಡು ಪಟ್ಟು ಆದರೆ ಹತ್ತಲಿ, 1.4 ಪಟ್ಟಿಗೆ ಇಳಿದರೆ ಆರಲಿ. ಫ್ರಿಜ್ಜು, ನೀರಿನ ಟ್ಯಾಂಕಿನ ತೇಲುವ ಸ್ವಿಚ್ಚು, ಎಲ್ಲಾ ಕಡೆ ಇದೇ ಉಪಾಯ.

ಯಾವುದರ ಎರಡು ಪಟ್ಟು ಅಂದರೆ, ಹಿನ್ನೆಲೆಯ ಎರಡು ಪಟ್ಟು. ಗಡಿಯನ್ನು ಕಲ್ಲಿನಲ್ಲಿ ಕೆತ್ತಬೇಡಿ, ಸದ್ದಿನ ಜೊತೆ ತೇಲಲು ಬಿಡಿ:

ಹಿನ್ನೆಲೆ = ಹಿನ್ನೆಲೆ × 0.995 + ಈಗಿನ ಸದ್ದು × 0.005

ಸೆಕೆಂಡಿಗೆ 43 ಲೆಕ್ಕ ಬರುವುದರಿಂದ ಇದು ನಾಲ್ಕೈದು ಸೆಕೆಂಡಿನಲ್ಲಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ಮಳೆ ಬಂದರೆ ಗಡಿಯೂ ಏರುತ್ತದೆ.

---

ಸಿರಸಿ_ತೋಟದವ

ಇದು ಕೇಳಿದ ಹಾಗಿದೆ! ಕಾಲೇಜಿನಲ್ಲಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಹಾಡು ಕೇಳಿಸುವ ವಿನ್‌ಆಂಪ್ ಸಾಫ್ಟ್‌ವೇರ್ ಹಾಕಿ, ಹಾಡು ಕೇಳುವುದಕ್ಕಿಂತ ಅದರಲ್ಲಿ ಸದ್ದಿಗೆ ಚಿತ್ರ ಕುಣಿಸುವ ಮಿಲ್ಕ್‌ಡ್ರಾಪ್ ನೋಡುತ್ತಾ ಕೂರುತ್ತಿದ್ದೆ. 2001ರಲ್ಲಿ ಬಂದದ್ದು ಅದು. ಆಮೇಲೆ ಅದರ ಪ್ರೀಸೆಟ್ ತೆರೆದು ನೋಡಿದಾಗ ಗೊತ್ತಾಯಿತು, ಬಾಸ್, ಮಿಡ್, ಟ್ರೆಬಲ್ ಮೂರಕ್ಕೂ ಮಾಮೂಲು ಬೆಲೆ 1. ಇತ್ತೀಚೆಗೆ ಎಷ್ಟು ಸದ್ದಿತ್ತೋ ಅಷ್ಟೇ ಇದ್ದರೆ 1. 1.3 ದಾಟಿದರೆ ಜೋರು, 0.7ಕ್ಕಿಂತ ಕೆಳಗೆ ಮೆತ್ತಗೆ. ವಾಲ್ಯೂಮ್ ಎಷ್ಟೇ ಇಟ್ಟರೂ ಚಿತ್ರ ಕುಣಿಯುತ್ತಿದ್ದದ್ದು ಅದಕ್ಕೇ. ದಡದವರ ಸೂತ್ರವೂ ಅದೇ ಜಾತಿ.

ಹಾಗೆ ನೋಡಿದರೆ ಈ ಹುಚ್ಚು ಇನ್ನೂ ಹಳೆಯದು. 1970ರ ದಶಕದಲ್ಲೇ ಅಟಾರಿ ಕಂಪನಿ ಹಾಡಿನ ಸದ್ದಿಗೆ ಟಿವಿಯಲ್ಲಿ ಬಣ್ಣ ಕುಣಿಸುವ ಪೆಟ್ಟಿಗೆ ಮಾರಿತ್ತು.

---

ಅಂಕೋಲೆ_ದೋಣಿ

ಹಾಕಿ ನೋಡಿದೆ. ಮಳೆಗೆ ಐದು ಸೆಕೆಂಡ್ ಹತ್ತಿ ಆರಿತು, ಕುಣಿದಾಡಿಬಿಟ್ಟೆ. ಆಮೇಲೆ ಹುಡುಗರು ಗುಮಟೆಯನ್ನು ಜೋರು ಗತಿಗೆ ಏರಿಸಿದರು. ಅಲ್ಲಿ ಲೈಟು ಧಗಧಗ ಅನ್ನಬೇಕು. ಐದು ಸೆಕೆಂಡ್ ಬೆಳಗಿ, ಮೆಲ್ಲಗೆ ಮಂಕಾಗಿ, ಆರಿಯೇ ಹೋಯಿತು. ಹುಡುಗರು ಬೆವರು ಸುರಿಸಿ ಬಾರಿಸುತ್ತಿದ್ದಾರೆ, ಹಿಂದೆ ಕತ್ತಲೆ. ಗುಮಟೆಯನ್ನೂ ಮಳೆ ಅಂತಲೇ ತಿಳಿಯಿತು ಇದು.

ಎಫೆಕ್ಟ್ ಓಡುತ್ತಿರುವಾಗ ಹಿನ್ನೆಲೆಯನ್ನು ಹೆಚ್ಚಿಸಬೇಡ ಅಂತ ಒಂದು ಸಾಲು ಸೇರಿಸಿದೆ. ಗುಮಟೆಗೆ ಸರಿಯಾಯಿತು. ಮತ್ತೆ ಮಳೆ ಬಂತು. ಮಳೆಗೆ ಹತ್ತಿತು. ಹತ್ತಿದ್ದರಿಂದ ಹಿನ್ನೆಲೆ ಏರಲಿಲ್ಲ. ಏರದೇ ಇದ್ದದ್ದರಿಂದ ಆರಲಿಲ್ಲ. ಶುರು ಮಾಡಿದಲ್ಲಿಗೇ ಬಂದು ನಿಂತೆ.

---

ಅಕ್ಕೋರು_ಕುಮಟಾ

ಗುಮಟೆಗೂ ಮಳೆಗೂ ಏನು ವ್ಯತ್ಯಾಸ, ಕಣ್ಣು ಮುಚ್ಚಿ ಕೇಳಿ ಹೇಳಿ. ಎಷ್ಟು ಜೋರು ಅನ್ನುವುದು ಬಿಡಿ.

---

ರಾತ್ರಿ_ಆಟ

ನನಗೆ ಕೋಡ್ ಗೊತ್ತಿಲ್ಲ, ಆದರೆ ಇದಕ್ಕೆ ಉತ್ತರ ಹೇಳಬಲ್ಲೆ. ಬಾರಿಸುವವನು ಪೆಟ್ಟು ಹಾಕುತ್ತಾನೆ, ಬಿಡುತ್ತಾನೆ. ಎಷ್ಟೇ ಬಿರುಸಾಗಿ ಬಾರಿಸಿದರೂ ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವು ಇರುತ್ತದೆ. ಇಲ್ಲದಿದ್ದರೆ ಅದು ತಾಳ ಅಲ್ಲ, ಗಲಾಟೆ. ಮಳೆಗೆ ಬಿಡುವು ಇಲ್ಲ.

---

ಅಕ್ಕೋರು_ಕುಮಟಾ

ಅದೇ! ಆಟದವರೇ, ನಿಮಗೆ ಹತ್ತಕ್ಕೆ ಹತ್ತು.

ದೋಣಿಯವರೇ, ಹಿನ್ನೆಲೆ ಅಂತ ಸರಾಸರಿ ತೆಗೆಯಬೇಡಿ. ಕಳೆದ ಮೂರು ಸೆಕೆಂಡಿನಲ್ಲಿ ಸದ್ದು ಅತಿ ಕಡಿಮೆ ಎಷ್ಟಿತ್ತು ಅದನ್ನು ತೆಗೆಯಿರಿ. ಸುಮಾರು 130 ಲೆಕ್ಕಗಳಲ್ಲಿ ಅತಿ ಸಣ್ಣದು. ಸೆಕೆಂಡಿಗೆ ಹತ್ತು ಪೆಟ್ಟು ಹಾಕಿದರೂ ಎರಡು ಪೆಟ್ಟಿನ ನಡುವೆ 100 ಮಿಲಿಸೆಕೆಂಡ್ ಇದೆ. ನಿಮ್ಮ ಒಂದು ಲೆಕ್ಕ 23 ಮಿಲಿಸೆಕೆಂಡ್. ಹಾಗಾಗಿ ಆ ಬಿಡುವು ನಿಮ್ಮ ಲೆಕ್ಕಕ್ಕೆ ಸಿಕ್ಕೇ ಸಿಗುತ್ತದೆ, ಹಿನ್ನೆಲೆ ಕೆಳಗೇ ಉಳಿಯುತ್ತದೆ, ಲೈಟು ಆರುವುದಿಲ್ಲ. ಮಳೆಯಲ್ಲಿ ಬಿಡುವು ಇಲ್ಲ, ಮೂರು ಸೆಕೆಂಡ್ ಕಳೆದ ಮೇಲೆ ಅತಿ ಸಣ್ಣದೂ ಮಳೆಯ ಮಟ್ಟಕ್ಕೇ ಬರುತ್ತದೆ. ಲೈಟು ಆರುತ್ತದೆ. ಜನರೇಟರಿಗೂ ಇದೇ.

ಒಂದು ಎಚ್ಚರ. ಪೂರ್ತಿ ಮೌನದಲ್ಲಿ ಅತಿ ಸಣ್ಣದು ಸೊನ್ನೆಯ ಹತ್ತಿರ ಹೋಗುತ್ತದೆ. ಸೊನ್ನೆಯ ಎರಡು ಪಟ್ಟು ಅಂದರೆ ಯಾರೋ ಕೆಮ್ಮಿದರೂ ಹತ್ತುತ್ತದೆ. ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ತಳ ಇಡಿ.

---

ಕಾಳಿ_ದಡ

ಮೂವತ್ತು ವರ್ಷದ ಸರ್ವಿಸು, ನನಗೆ ಹೊಳೆಯಲಿಲ್ಲ ಇದು. ಸರಾಸರಿ ಹಾಕಿಸಿ ಒಂದು ವಾರ ದಂಡ ಮಾಡಿಸಿದೆ, ಕ್ಷಮಿಸಿ.

---

ತೆರೆ_ಮತ್ತು_ತಂತಿ

ಮಧ್ಯೆ ಬಾಯಿ ಹಾಕುತ್ತೇನೆ. ನಾನು ಗೋಕರ್ಣದಲ್ಲಿ ಇದನ್ನೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಮಾಡುತ್ತಿದ್ದೇನೆ, ಪ್ರೊಜೆಕ್ಟರ್ ಇಟ್ಟು. ಬ್ರೌಸರಿನಲ್ಲೇ ಇರುವ, ಸದ್ದನ್ನು ಬಾಸ್, ಟ್ರೆಬಲ್ ಅಂತ ಬಿಡಿಸಿ 0ಯಿಂದ 255ರ ಅಂಕಿ ಕೊಡುವ ವೆಬ್ ಆಡಿಯೋದ ಅನಲೈಸರ್ ನೋಡ್ ಬಳಸುತ್ತೇನೆ. ಬಾಸ್ 200 ದಾಟಿದರೆ ಚಿತ್ರ ಬದಲಾಗಲಿ ಅಂತ ಬರೆದರೆ ಯಾವಾಗಲೂ 255ರಲ್ಲೇ ನಿಂತಿರುತ್ತದೆ. ಮತ್ತೆ ಪೆಟ್ಟು ಬಿದ್ದರೂ ಗೆರೆ ಎಣ್ಣೆಯಲ್ಲಿ ಈಜಿದ ಹಾಗೆ ನಿಧಾನ ಇಳಿಯುತ್ತದೆ.

---

ಸಿರಸಿ_ತೋಟದವ

ಇದು ನನ್ನ ಕ್ಷೇತ್ರ, ಕೊನೆಗೂ! ಹಗಲು ನಾನು ವೆಬ್ ಕೆಲಸವೇ ಮಾಡುವುದು, ತೋಟ ಸಂಜೆಗೆ.

ಆ ನೋಡ್ ಮೈನಸ್ 100 ಡೆಸಿಬಲನ್ನು 0 ಅಂತಲೂ ಮೈನಸ್ 30ನ್ನು 255 ಅಂತಲೂ ತೋರಿಸುತ್ತದೆ. ಜೋರು ಹಾಡಿನ ಬಾಸ್ ಮೈನಸ್ 30 ದಾಟುವುದು ಮಾಮೂಲು, ಅದಕ್ಕೇ ಮೇಲೆ ಅಂಟಿಕೊಂಡಿದೆ. ಮೇಲಿನ ಗಡಿಯನ್ನು ಮೈನಸ್ 10ಕ್ಕೆ ಏರಿಸಿ. ಎಣ್ಣೆಗೆ ಕಾರಣ ಏರಿಳಿತವನ್ನು ನಯ ಮಾಡುವ ಸ್ಮೂದಿಂಗ್ ಸಂಖ್ಯೆ, ಅದು ಬಂದಾಗಲೇ 0.8 ಇರುತ್ತದೆ. ಎರಡು ಅನಲೈಸರ್ ಇಡಿ. ಚಿತ್ರ ಬಿಡಿಸಲು 0.8ರದ್ದು, ಪೆಟ್ಟು ಹಿಡಿಯಲು 0 ಇಟ್ಟದ್ದು.

ಮೈಕಿನಿಂದ ತೆಗೆದುಕೊಳ್ಳುತ್ತಿದ್ದರೆ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೋ ಗೇನ್ ಮೂರನ್ನೂ ಕೋಡಿನಲ್ಲೇ ಆಫ್ ಮಾಡಿ. ಬ್ರೌಸರ್ ನಿಮ್ಮನ್ನು ಮೀಟಿಂಗಿನಲ್ಲಿ ಕೂತವರು ಅಂತ ತಿಳಿದು ಸಂಗೀತವನ್ನು ಗಲಾಟೆ ಅಂತ ಒರೆಸಿ ಹಾಕುತ್ತದೆ. ಪುಟ ತೆರೆದ ಮೇಲೆ ಒಮ್ಮೆಯಾದರೂ ಕ್ಲಿಕ್ ಮಾಡುವ ಗುಂಡಿ ಇರಲಿ, ಇಲ್ಲದಿದ್ದರೆ ಆಡಿಯೋ ಶುರುವೇ ಆಗಲಿಕ್ಕಿಲ್ಲ.

---

ತೆರೆ_ಮತ್ತು_ತಂತಿ

ಆಟೋ ಗೇನ್ ಆಫ್ ಮಾಡಿದೆ, ಜೀವ ಬಂತು. ಧನ್ಯವಾದ.

---

ಬಿಳಿ_ಕೋಟು

ಆಸ್ಪತ್ರೆ ಕೆಲಸದವಳು. ಚೌತಿ ಅಂದರೆ ಊರಿನ ಮಕ್ಕಳೆಲ್ಲ ಮುಂದಿನ ಸಾಲಿನಲ್ಲೇ ಕೂರುವುದು. ಬೇಗ ಬೇಗ ಮಿಂಚುವ ಬೆಳಕಿನಿಂದ ಕೆಲವರಿಗೆ ಅಪಸ್ಮಾರ ಬರುತ್ತದೆ, ಮಕ್ಕಳಲ್ಲಿ, ಹದಿಹರೆಯದವರಲ್ಲಿ ಜಾಸ್ತಿ. ವೆಬ್‌ಪುಟಗಳಿಗೆ ಮಾಡಿದ ನಿಯಮದಲ್ಲೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದು ಅಂತ ಇದೆ. ಗುಮಟೆ ಸೆಕೆಂಡಿಗೆ ಹತ್ತು ಪೆಟ್ಟು ಬಿದ್ದರೆ ನಿಮ್ಮ ಪರದೆಯೂ ಹತ್ತು ಸಲ ಮಿಂಚುತ್ತದಾ?

---

ಅಂಕೋಲೆ_ದೋಣಿ

ಈಗ ಮಿಂಚುತ್ತದೆ. ಯೋಚನೆಯೇ ಮಾಡಿರಲಿಲ್ಲ.

---

ಕಾಳಿ_ದಡ

ಒಮ್ಮೆ ಹತ್ತಿದ ಮೇಲೆ 400 ಮಿಲಿಸೆಕೆಂಡ್ ಇನ್ನೊಂದು ಟ್ರಿಗರ್ ತೆಗೆದುಕೊಳ್ಳಬೇಡ ಅಂತ ಬರೆಯಿರಿ. ನಡುವಿನ ಪೆಟ್ಟುಗಳಿಗೆ ಪೂರ್ತಿ ಆರಿಸಿ ಹತ್ತಿಸುವ ಬದಲು ಹೊಳಪು ಸ್ವಲ್ಪ ಏರಿ ಇಳಿಯಲಿ. ಏರುವುದು ಬೇಗ, ಇಳಿಯುವುದು ನಿಧಾನ. ಪಟ್ಟಿಯ ಹೊಳಪನ್ನು ಸದ್ದಿನ ಅಂಕಿಗೆ ನೇರ ಕಟ್ಟಬೇಡಿ, ಡೆಸಿಬಲಿಗೆ ಕಟ್ಟಿ. ಕಿವಿ ಕೇಳುವುದು ಹಾಗೆಯೇ.

ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ಒಂದು ದೀಪ ಪೂರ್ತಿ ಬಿಳಿ ಉರಿದರೆ 60 ಮಿಲಿಆಂಪ್. ಮುನ್ನೂರಕ್ಕೆ 18 ಆಂಪ್, 5 ವೋಲ್ಟಿನಲ್ಲಿ 90 ವಾಟ್. ಮೊಬೈಲ್ ಚಾರ್ಜರ್ ಕಟ್ಟಿದ್ದರೆ ಈಗಲೇ ಬಿಚ್ಚಿ. ಒಂದೇ ತುದಿಯಿಂದ ಕೊಟ್ಟರೆ ಇನ್ನೊಂದು ತುದಿಗೆ ವೋಲ್ಟೇಜು ಇಳಿದು ಬಿಳಿ ಬಣ್ಣ ಕೆಂಪಾಗುತ್ತದೆ, ಎರಡೂ ತುದಿಗೆ ಕೊಡಿ. ಹೊಳಪು ಅರ್ಧಕ್ಕಿಂತ ಮೇಲೆ ಬೇಡ, ಗಣಪತಿಯ ಹಿಂದೆ ಅಷ್ಟು ಸಾಕು. ಡೇಟಾ ತಂತಿಗೆ ನಡುವೆ ವೋಲ್ಟೇಜು ಏರಿಸಿ ಕೊಡುವ 74ಎಹೆಚ್‌ಸಿಟಿ125 ಚಿಪ್ ಹಾಕಿ, ಇಎಸ್‌ಪಿ32 ಕೊಡುವ 3.3 ವೋಲ್ಟು ಕೆಲವು ಪಟ್ಟಿಗಳಿಗೆ ಕೇಳಿಸುವುದಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಮಾತು. ಬೆಸುಗೆ ಹಾಕಿದ ಜಾಗಕ್ಕೆಲ್ಲ ಪೆಟ್ರೋಲಿಯಂ ಜೆಲ್ಲಿ ಸವರಿ. ಉಪ್ಪು ಗಾಳಿಗೆ ತಾಮ್ರ ಹಸಿರಾಗಲು ಬಹಳ ದಿನ ಬೇಡ. ನನ್ನ ಅಂಗಡಿಗೆ ಬರುವ ಅರ್ಧ ಸೆಟ್ಟುಗಳ ಕಾಯಿಲೆ ಅದೇ.

---

ಅಂಕೋಲೆ_ದೋಣಿ

ಚೌತಿ ಮುಗಿಯಿತು. ಲೆಕ್ಕ ಒಪ್ಪಿಸಲು ಬಂದೆ.

ಗುಮಟೆಯ ದಿನ ಸಂಜೆ ಏಳಕ್ಕೆ ಶುರು. ತಂಡದ ಹಿರಿಯರು ಮೊದಲು ಲೈಟು ಬೇಡವೇ ಬೇಡ ಅಂದಿದ್ದರು. ಅವರ ಗುಮಟೆ ಮಣ್ಣಿನದು, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಮೊದಲೆಲ್ಲಾ ಉಡದ ಚರ್ಮ ಕಟ್ಟುತ್ತಿದ್ದರು, ಈಗ ಕಾನೂನು ಬಿಡುವುದಿಲ್ಲ, ಮೇಕೆಯದು. ಬಲಗೈಯಲ್ಲಿ ಬಾರಿಸುತ್ತಾ ಎಡಗೈಯಲ್ಲಿ ಆ ತೆರೆದ ಬಾಯಿಯನ್ನು ಮುಚ್ಚಿ ಬಿಟ್ಟು ಮಾಡುತ್ತಾರೆ, ಸದ್ದು ಘುಂ ಅಂತ ಬಾಗುತ್ತದೆ. ಅವರು ಸುಮ್ಮನೆ ಕೈ ಆಡಿಸುತ್ತಾ ಪರದೆ ಕಡೆ ತಿರುಗಿ ನೋಡಿದರು. ಮುಚ್ಚಿ ಬಾರಿಸಿದರು, ಪರದೆ ಮಂಕು. ಬಿಟ್ಟು ಬಾರಿಸಿದರು, ನಡುವಿನಿಂದ ಬಣ್ಣ ಹರಡಿತು. ನಾನು ಅದನ್ನು ಕೋಡಿನಲ್ಲಿ ಬರೆದೇ ಇರಲಿಲ್ಲ. ಬಾಯಿ ಮುಚ್ಚಿದಾಗ ಮೈಕಿಗೆ ಸದ್ದು ಕಡಿಮೆ ತಲುಪಿ ಗಡಿ ದಾಟಲಿಲ್ಲ, ಅಷ್ಟೇ ಇರಬೇಕು. ಅವರು ಐದು ನಿಮಿಷ ಅದನ್ನೇ ಆಡಿದರು. ಆಮೇಲೆ ಹಾಡು ಶುರು ಮಾಡಿದರು.

ಎಂಟೂವರೆಗೆ ಮಳೆ. ತಗಡು ಭೋರ್ ಅಂತು. ಪರದೆ ಪೂರ್ತಿ ಹತ್ತಿತು. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಆರಿತು. ಮಳೆಯ ಒಳಗಿಂದಲೇ ಗುಮಟೆಯ ಪೆಟ್ಟಿಗೆ ಮತ್ತೆ ಹತ್ತತೊಡಗಿತು. ಅದು ನೋಡಿ ಕೂಗಿದವನು ನಾನೊಬ್ಬನೇ. ಉಳಿದವರಿಗೆ ಏನಾಯಿತು ಅಂತಲೇ ಗೊತ್ತಿಲ್ಲ.

ಸೋತದ್ದೂ ಇದೆ. ಮೈಕ್ ಜಗಲಿಯ ಅಂಚಿನಲ್ಲಿತ್ತಲ್ಲ, ಒಂದು ಮಗು ಅದರ ಹತ್ತಿರ ಬಂದು ಚಪ್ಪಾಳೆ ಹೊಡೆಯಿತು. ಪರದೆ ಬೆಳಗಿತು. ಹತ್ತು ನಿಮಿಷದಲ್ಲಿ ಊರ ಮಕ್ಕಳೆಲ್ಲ ಸಾಲು ನಿಂತು ಚಪ್ಪಾಳೆ, ಶಿಳ್ಳೆ, ಹೋ ಅನ್ನುವುದು. ಕೊನೆಗೆ ಮೈಕಿನ ಮುಂದೆ ನನ್ನ ಅಕ್ಕನನ್ನು ಕೂರಿಸಿದೆ. ಅದಕ್ಕಿಂತ ಒಳ್ಳೆಯ ಫಿಲ್ಟರ್ ಸಿಗಲಿಲ್ಲ.

ಆಟದ ದಿನ ಹಳದಿ ಬೆಳಕು ಒಂದೇ ಸಮ ಇತ್ತು. ರಾತ್ರಿ_ಆಟ ಅವರೇ, ಮಾತು ಉಳಿಸಿಕೊಂಡಿದ್ದೇನೆ. ಹೊಳಪು ಕಾಲು ಭಾಗ ಮಾತ್ರ. ಬೇಗಡೆ ಚೆನ್ನಾಗಿ ಹೊಳೆಯಿತು.

---

ರಾತ್ರಿ_ಆಟ

ಸಂತೋಷ. ಪ್ರಸಂಗ ಯಾವುದು?

---

ಅಂಕೋಲೆ_ದೋಣಿ

ಹೇಳಲು ನಾಚಿಕೆ. ಜನರೇಟರ್ ಹತ್ತಿರ ನಿಂತು ವೋಲ್ಟೇಜು ನೋಡುತ್ತಾ ಇದ್ದೆ, ಮೊದಲ ಒಂದು ಗಂಟೆ ನೋಡಲೇ ಇಲ್ಲ. ಚಂಡೆ ಕೇಳಿದ ಮೇಲೆ ಓಡಿ ಬಂದೆ.

---

ಸಿರಸಿ_ತೋಟದವ

ಆ ಮೂರು ಸೆಕೆಂಡಿನ ಕೋಡ್ ನನಗೂ ಬೇಕು. ನಮ್ಮ ಮನೆಯ ಜೀರುಂಡೆಗೂ ಬಿಡುವು ಇಲ್ಲ, ಅದಕ್ಕೂ ನಡೆಯುತ್ತದೆ ಅಂತ ಕಾಣುತ್ತದೆ.

---

ಅಂಕೋಲೆ_ದೋಣಿ

ಸಂಜೆ ಹಾಕುತ್ತೇನೆ. ಪಟ್ಟಿ, ಪೆಟ್ಟಿಗೆ ಎಲ್ಲಾ ಜೆಲ್ಲಿ ಸವರಿ ಅಟ್ಟಕ್ಕೆ ಏರಿಸಿದ್ದೇನೆ. ಗುಮಟೆ ಹಿರಿಯರು ಸುಗ್ಗಿಗೆ ಮತ್ತೆ ಬೇಕು ಅಂದಿದ್ದಾರೆ, ಆದರೆ ಅಂಗಳದಲ್ಲಿ, ಸುತ್ತಲೂ ಜನ ಕುಣಿಯುವ ಕಡೆ. ಅಲ್ಲಿ ಮೈಕ್ ಎಲ್ಲಿಡುವುದು ಅಂತ ಯಾರಿಗಾದರೂ ಹೊಳೆದರೆ ಹೇಳಿ.